ಉದ್ರಿ, ಸುದ್ದಿ, ಸವಾಲು: ಅಮೆರಿಕದ ಸಣ್ಣ ಊರುಗಳ ಹಳೆಯ ಪೇಟೆ



ವ್ಯಾಪಾರದ ಚರಿತ್ರೆಯನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಷರತ್ತು. ಯಾವ ದೇಶದ ವ್ಯಾಪಾರ ಎಂದು ದಾನಿಗಳು ಬರೆದಿಟ್ಟಿಲ್ಲ. ಆ ಸಡಿಲವನ್ನು ಬಳಸಿಕೊಂಡು ಇವತ್ತು ನಿಮ್ಮನ್ನು ದೂರದ ಒಂದು ಪೇಟೆಗೆ ಕರೆದೊಯ್ಯುತ್ತೇನೆ. ಅಮೆರಿಕ ಎಂದ ಕೂಡಲೇ ನಮಗೆ ಷೇರುಪೇಟೆ, ಗಗನಚುಂಬಿ ಕಟ್ಟಡ ನೆನಪಾಗುತ್ತವೆ. ಆದರೆ ಆ ದೇಶದಲ್ಲಿ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಗರ ಸಂಖ್ಯೆಯನ್ನು ಮೊದಲ ಬಾರಿಗೆ ದಾಟಿದ್ದು 1920ರ ಜನಗಣತಿಯಲ್ಲಿ. ಅದೂ 2,500 ಜನರಿರುವ ಊರನ್ನೆಲ್ಲ ಪಟ್ಟಣವೆಂದು ಲೆಕ್ಕ ಹಿಡಿದ ಮೇಲೆ. ಅಲ್ಲಿಯವರೆಗಿನ ಅಮೆರಿಕ ಬಹುಮಟ್ಟಿಗೆ ರೈತರ, ಕಮ್ಮಾರರ, ಕಿರಾಣಿಯವರ ಅಮೆರಿಕ.

ಈ ಜನ ಕೊಟ್ಟು ಕೊಳ್ಳುತ್ತಿದ್ದದ್ದು ಮೂರು ಕಡೆ: ಊರ ಅಂಗಡಿ, ವಾರಪತ್ರಿಕೆಯ ಸಣ್ಣ ಜಾಹೀರಾತುಗಳ ಅಂಕಣ, ರೈತನ ಅಂಗಳದಲ್ಲಿ ನಡೆಯುವ ಹರಾಜು. ಮೂರನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬರೆಯುವುದು ವಾಡಿಕೆ. ನನಗೆ ಅವು ಒಂದೇ ಸಾಲದ ಮೂರು ಘಟ್ಟಗಳಾಗಿ ಕಾಣುತ್ತವೆ. ಅಂಗಡಿಯಲ್ಲಿ ಹುಟ್ಟಿದ ಸಾಲ ಪತ್ರಿಕೆಯಲ್ಲಿ ಬಯಲಾಗಿ ಅಂಗಳದಲ್ಲಿ ಇತ್ಯರ್ಥವಾಗುತ್ತಿತ್ತು. ಮೂರೂ ನಡೆಯುತ್ತಿದ್ದದ್ದು ಒಬ್ಬರಿಗೊಬ್ಬರ ಗುರುತಿನ ಬಲದ ಮೇಲೆ. ಎಲ್ಲರೂ ಎಲ್ಲರನ್ನೂ ಬಲ್ಲ ಪೇಟೆ ಎಷ್ಟು ದಯೆಯದ್ದಾಗಿತ್ತು ಎಂದು ಹಳೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರಿದ್ದಾರೆ. ನನಗೆ ಅದರಲ್ಲಿ ಅರ್ಧ ಮಾತ್ರ ಒಪ್ಪಿಗೆ.

ಮೊದಲು ಅಂಗಡಿ. ಹೊಳೆ ದಾಟುವ ಕಡೆಯೋ ಹಿಟ್ಟಿನ ಗಿರಣಿಯ ಪಕ್ಕದಲ್ಲೋ ಒಂದು ಅಂಗಡಿ ಏಳುತ್ತಿತ್ತು. ಅದರ ಸುತ್ತ ಊರು ಕಟ್ಟಿಕೊಳ್ಳುತ್ತಿತ್ತು. ಉಪ್ಪು, ಕಾಫಿ, ಸಕ್ಕರೆ, ಮೊಳೆ, ಕೋವಿಮದ್ದು, ನೀಲಿ, ಅಚ್ಚಿನ ಬಟ್ಟೆ, ಪಂಚಾಂಗ, ವಿಸ್ಕಿ ಎಲ್ಲ ಒಂದೇ ಸೂರಿನಡಿ. ಎಷ್ಟೋ ಕಡೆ ಅಂಗಡಿಯವನೇ ಪೋಸ್ಟ್ ಮಾಸ್ತರ. ನಾಣ್ಯಕ್ಕೆ ಮಾತ್ರ ಸದಾ ಬರ. ದೇಶ ಸ್ವತಂತ್ರವಾಗಿ ಎರಡು ತಲೆಮಾರು ಕಳೆದರೂ ಕೈಯಿಂದ ಕೈಗೆ ಓಡಾಡುತ್ತಿದ್ದ ಬೆಳ್ಳಿಯಲ್ಲಿ ಹೆಚ್ಚಿನದು ಸ್ಪೇನಿನದೋ ಮೆಕ್ಸಿಕೋದ್ದೋ ಆಗಿತ್ತು. ಸ್ಪೇನಿನ ಡಾಲರಿಗೆ ಎಂಟು ರಿಯಾಲ್. ಹಾಗಾಗಿ ಒಂದು ರಿಯಾಲಿಗೆ ಹನ್ನೆರಡೂವರೆ ಸೆಂಟು. ಆ ಕಾಲದ ಕಿರ್ದಿಗಳಲ್ಲಿ ಹನ್ನೆರಡೂವರೆ, ಆರೂಕಾಲು ಎಂಬ ವಿಚಿತ್ರ ಬೆಲೆಗಳು ಕಾಣುವುದು ಈ ಕಾರಣಕ್ಕೆ. ವಿದೇಶಿ ನಾಣ್ಯದ ಕಾನೂನುಬದ್ಧ ಚಲಾವಣೆ ನಿಂತದ್ದು 1857ರಲ್ಲಿ. ಕಾಗದದ ಹಣದ ಪಾಡಂತೂ ಕೇಳುವುದೇ ಬೇಡ. ನೂರಾರು ಬ್ಯಾಂಕುಗಳು ತಮ್ಮ ತಮ್ಮ ನೋಟನ್ನು ತಾವೇ ಅಚ್ಚು ಹಾಕಿಸುತ್ತಿದ್ದವು. ಅಸಲಿ ಯಾವುದು, ಖೋಟಾ ಯಾವುದು, ದಿವಾಳಿಯೆದ್ದ ಬ್ಯಾಂಕಿನದು ಯಾವುದು ಎಂದು ತಿಳಿಸುವ ಕೈಪಿಡಿಗಳು ನಿಯತಕಾಲಿಕಗಳಾಗಿ ಬರುತ್ತಿದ್ದವು. ವರ್ತಕರು ಅವನ್ನು ಕೊಂಡು ಗಲ್ಲಾದ ಬಳಿ ಇಟ್ಟುಕೊಳ್ಳುತ್ತಿದ್ದರು.

ಆದ್ದರಿಂದ ಪುಸ್ತಕವೇ ಹಣವಾಯಿತು. ರೈತನ ಹೆಂಡತಿ ಬೆಣ್ಣೆ, ಮೊಟ್ಟೆ, ಜೇನುಮೇಣ, ಬಾತಿನ ಪುಕ್ಕ ತರುತ್ತಾಳೆ, ಅವು ಜಮೆ. ಕಾಫಿ, ಸೂಜಿ, ಉಪ್ಪು ಒಯ್ಯುತ್ತಾಳೆ; ಅವು ಖರ್ಚು. ಚಿಂದಿ ಬಟ್ಟೆಗೂ ಬೆಲೆಯಿತ್ತು, ಕಾಗದದ ಗಿರಣಿಯವರು ಕೊಳ್ಳುತ್ತಿದ್ದರು. ದಿನದ ವ್ಯವಹಾರ ಕಿರ್ದಿಯಲ್ಲಿ, ಅಲ್ಲಿಂದ ಹೆಸರುವಾರು ಖಾತೆಗೆ, ಸುಗ್ಗಿ ಮುಗಿದ ಮೇಲೆ ಚುಕ್ತಾ. ಎಷ್ಟೋ ಖಾತೆಗಳು ಚುಕ್ತಾ ಆಗದೆ ಬಾಕಿ ಮುಂದಿನ ವರ್ಷದ ಪುಟಕ್ಕೆ ಸಾಗುತ್ತಿತ್ತು. ಅಂಗಡಿಯವನಾದರೂ ಸ್ವಂತ ದುಡ್ಡಿನಲ್ಲಿ ಸರಕು ತಂದವನಲ್ಲ. ವರ್ಷಕ್ಕೊಂದೆರಡು ಸಲ ಫಿಲಡೆಲ್ಫಿಯಾಕ್ಕೋ ನ್ಯೂಯಾರ್ಕಿಗೋ ಹೋಗಿ ಆರು ತಿಂಗಳು, ವರ್ಷದ ವಾಯಿದೆಯ ಮೇಲೆ ಸಗಟು ವರ್ತಕರಿಂದ ತಂದವನು. ಮಳೆ ಕೈಕೊಟ್ಟರೆ ರೈತನ ಬಾಕಿ ನಿಲ್ಲುತ್ತಿತ್ತು, ಅವನ ಬೆನ್ನಿಗೆ ಅಂಗಡಿಯವನದು, ಅವನ ಬೆನ್ನಿಗೆ ನಗರದ ಸಗಟು ವರ್ತಕನದು.

ಇದಕ್ಕೆ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತೇನೆ. ಇಲಿನಾಯ್ ರಾಜ್ಯದಲ್ಲಿ ಸ್ಯಾಂಗಮನ್ ನದಿಯ ದಡದಲ್ಲಿ ನ್ಯೂ ಸೇಲಂ ಎಂಬ ಪುಟ್ಟ ಊರಿತ್ತು. 1829ರಲ್ಲಿ ಹುಟ್ಟಿ ಹತ್ತು ಹನ್ನೊಂದು ವರ್ಷಕ್ಕೆ ಬರಿದಾದ ಊರು. 1831ರಲ್ಲಿ ಅಲ್ಲಿಗೆ ಬಂದ ಒಬ್ಬ ಯುವಕ ಡೆಂಟನ್ ಆಫಟ್ ಎಂಬವರ ಅಂಗಡಿಯಲ್ಲಿ ಗುಮಾಸ್ತನಾದ. ಆ ಅಂಗಡಿ ಮುಳುಗಿತು. 1833ರಲ್ಲಿ ವಿಲಿಯಂ ಬೆರಿ ಎಂಬವನ ಜೊತೆ ಪಾಲುದಾರನಾಗಿ ಇನ್ನೊಂದು ಅಂಗಡಿ ಹಿಡಿದ, ಹೆಚ್ಚುಕಡಿಮೆ ಎಲ್ಲವೂ ಪ್ರಾಮಿಸರಿ ನೋಟಿನ ಮೇಲೆ. ಅದೂ ಮುಳುಗಿತು. ಪಾಲುದಾರ 1835ರಲ್ಲಿ ತೀರಿಕೊಂಡಾಗ ಅವನ ಪಾಲಿನ ಸಾಲವೂ ಈತನ ಹೆಗಲಿಗೆ ಬಿತ್ತು. ಒಟ್ಟು ಸುಮಾರು 1,100 ಡಾಲರ್. ಅದನ್ನು ಆತ ತಮಾಷೆಗೆ ‘ರಾಷ್ಟ್ರೀಯ ಸಾಲ’ ಎಂದು ಕರೆಯುತ್ತಿದ್ದ. ಆತ ಅಬ್ರಹಾಂ ಲಿಂಕನ್. ಊರಿನವರ ಒಲವಿನಿಂದ ಪೋಸ್ಟ್ ಮಾಸ್ತರಿಕೆಯೂ ಜಮೀನು ಅಳೆಯುವ ಕೆಲಸವೂ ಸಿಕ್ಕಿ ಹೊಟ್ಟೆಪಾಡು ನಡೆಯುತ್ತಿದ್ದಾಗ ಸಾಲ ಕೊಟ್ಟವನೊಬ್ಬ ಕೋರ್ಟಿಗೆ ಹೋದ. ಲಿಂಕನ್ನರ ಕುದುರೆ, ಜೀನು, ಲಗಾಮು, ಅಳತೆಯ ಉಪಕರಣ ಜಪ್ತಿಯಾಗಿ ಹರಾಜಿಗೆ ಬಂದವು. ಜೇಮ್ಸ್ ಶಾರ್ಟ್ ಎಂಬ ನೆರೆಯ ರೈತ 120 ಡಾಲರಿಗೆ ಸವಾಲು ಹಿಡಿದು ಎಲ್ಲವನ್ನೂ ಕೊಂಡು, ಲಿಂಕನ್ನರಿಗೇ ಹಿಂತಿರುಗಿಸಿದ. ಆ ಹಣವನ್ನು ಲಿಂಕನ್ ಮುಂದೆ ಬಡ್ಡಿ ಸಮೇತ ತೀರಿಸಿದರು.

ನಿಟ್ಟುಸಿರು ಬಿಡುವವರಿಗೆ ಬಲು ಪ್ರಿಯವಾದ ಕಥೆ ಇದು. ಇದರ ಬಾಲವನ್ನೂ ಹೇಳಬೇಕು. 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡ ನ್ಯೂಯಾರ್ಕಿನ ವರ್ತಕ ಲೂಯಿಸ್ ಟ್ಯಾಪನ್ 1841ರಲ್ಲಿ ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದರು. ಯಾವ ಊರಿನ ಯಾವ ಅಂಗಡಿಯವನು ಸಾಲಕ್ಕೆ ಯೋಗ್ಯ, ಯಾವನು ಕುಡುಕ, ಯಾವನ ಮಾವ ಸ್ಥಿತಿವಂತ ಎಂದು ಆಯಾ ಊರಿನ ವಕೀಲರಿಂದ ಗುಟ್ಟಾಗಿ ವರದಿ ತರಿಸಿ ಸಗಟು ವರ್ತಕರಿಗೆ ಒದಗಿಸುವ ಸಂಸ್ಥೆ. ಊರೊಳಗಿನ ಗುರುತು ಹೀಗೆ ಮಾರಾಟದ ಸರಕಾಯಿತು. ಅದಕ್ಕೆ ವರದಿ ಬರೆದ ವಕೀಲರ ಸಾಲಿನಲ್ಲಿ, ಅಂಗಡಿ ಮುಳುಗಿಸಿಕೊಂಡಿದ್ದ ಲಿಂಕನ್ನರೂ ಇದ್ದರು.

ಇನ್ನು ಪತ್ರಿಕೆ. ಬಾಸ್ಟನ್ನಿನ ಪೋಸ್ಟ್ ಮಾಸ್ತರ ಜಾನ್ ಕ್ಯಾಂಬೆಲ್ 1704ರ ಏಪ್ರಿಲಿನಲ್ಲಿ ಬಾಸ್ಟನ್ ನ್ಯೂಸ್-ಲೆಟರ್ ಆರಂಭಿಸಿದರು. ಮೇ ತಿಂಗಳಿಗೆಲ್ಲ ಅದರಲ್ಲಿ ಜಾಹೀರಾತು ಬಂತು. ಲಾಂಗ್ ಐಲೆಂಡಿನ ಆಯ್‌ಸ್ಟರ್ ಬೇ ಎಂಬಲ್ಲಿನ ಜಮೀನೊಂದು ಮಾರಾಟಕ್ಕಿದೆ ಎಂದು. 1792ರ ಅಂಚೆ ಕಾಯಿದೆ ಪತ್ರಿಕೆಗಳ ಮೇಲೆ ಹೂವಿನ ಮಳೆ ಸುರಿಸಿತು: ನೂರು ಮೈಲಿಯೊಳಗೆ ಒಂದು ಸೆಂಟು, ಅದರಾಚೆ ಒಂದೂವರೆ ಸೆಂಟು, ಸಂಪಾದಕರು ತಮ್ಮತಮ್ಮಲ್ಲಿ ಪತ್ರಿಕೆ ವಿನಿಮಯ ಮಾಡಿಕೊಂಡರೆ ಪೂರ್ತಿ ಉಚಿತ. ದೂರದ ಸುದ್ದಿಯನ್ನು ಕತ್ತರಿಸಿ ಅಂಟಿಸಬಹುದಾದ್ದರಿಂದ ಸಂಪಾದಕನ ಸ್ವಂತ ದುಡಿಮೆ ಉಳಿಯುತ್ತಿದ್ದದ್ದು ಊರಿನ ಜಾಹೀರಾತಿನಲ್ಲಿ. ಮುಂದೆ ಆ ಕತ್ತರಿಸುವ ಶ್ರಮವೂ ತಪ್ಪಿತು. 1861ರಲ್ಲಿ ಅಂತರ್ಯುದ್ಧಕ್ಕೆ ಮೊಳೆ ಜೋಡಿಸುವವರೆಲ್ಲ ಹೊರಟುಹೋದಾಗ, ವಿಸ್ಕಾನ್ಸಿನ್ನಿನ ಬಾರಾಬೂ ಊರಿನ ಸಂಪಾದಕ ಆನ್ಸೆಲ್ ಕೆಲಾಗ್ ರಾಜಧಾನಿ ಮ್ಯಾಡಿಸನ್ನಿನಿಂದ ಒಂದು ಬದಿ ಯುದ್ಧದ ಸುದ್ದಿ ಅಚ್ಚಾದ ಹಾಳೆಗಳನ್ನು ತರಿಸಿ, ಇನ್ನೊಂದು ಬದಿಗೆ ತನ್ನೂರಿನ ಸುದ್ದಿ ಹಾಕಿದ. 1865ರಲ್ಲಿ ಷಿಕಾಗೋಗೆ ಹೋಗಿ ಅದನ್ನೇ ದೊಡ್ಡ ಉದ್ಯಮವಾಗಿಸಿದ. ಸಣ್ಣ ಊರಿನ ನೂರಾರು ಪತ್ರಿಕೆಗಳ ಒಳಪುಟಗಳು ಆಮೇಲೆ ಒಂದೇ ಮುಖದವು.

ಆದರೆ ಜಾಹೀರಾತಿನ ಅಂಕಣ ಆಯಾ ಊರಿನದೇ. ಮುದ್ರಕನ ಬಳಿ ಮರದ ಪುಟ್ಟ ಅಚ್ಚುಗಳಿರುತ್ತಿದ್ದವು: ಒಂದು ಹಡಗು, ಒಂದು ಮನೆ, ಒಂದು ಕುದುರೆ, ಗಂಟು ಹೊತ್ತು ಓಡುವ ಒಬ್ಬ ಮನುಷ್ಯ. ಎಲ್ಲ ಕುದುರೆಗೂ ಅದೇ ಕುದುರೆ. ಎಲ್ಲ ಓಡಿಹೋದವರಿಗೂ ಅದೇ ಮನುಷ್ಯ.

ಕುದುರೆಯ ಚಿತ್ರದಡಿ ಬರುತ್ತಿದ್ದದ್ದು ತಪ್ಪಿಸಿಕೊಂಡ ದನಕರುಗಳ ಪ್ರಕಟಣೆ. ಇದು ಎಷ್ಟೋ ರಾಜ್ಯಗಳಲ್ಲಿ ಕಾನೂನಿನ ಅಗತ್ಯ. ನಿಮ್ಮ ಹೊಲಕ್ಕೆ ಯಾರದೋ ಕುದುರೆ ನುಗ್ಗಿದರೆ ಹಾಗೇ ಕಟ್ಟಿಹಾಕಿಕೊಳ್ಳುವಂತಿಲ್ಲ. ನೆರೆಯ ಗೃಹಸ್ಥರಿಂದ ಬೆಲೆ ಕಟ್ಟಿಸಿ, ಊರ ನ್ಯಾಯಾಧಿಕಾರಿಯ ಮುಂದೆ ಬಣ್ಣ, ಎತ್ತರ, ಸುಳಿ, ಬರೆ ಎಲ್ಲವನ್ನೂ ಬರೆಸಿ, ಪ್ರಕಟಣೆ ಕೊಡಬೇಕು. ಗೊತ್ತಾದ ಅವಧಿಯೊಳಗೆ ಒಡೆಯ ಬಾರದಿದ್ದರೆ ಮಾತ್ರ ಅದು ನಿಮ್ಮದು. ಹಂದಿ, ದನಗಳ ಕಿವಿಯನ್ನು ಯಾರ ಮನೆಯವರು ಹೇಗೆ ಕತ್ತರಿಸುತ್ತಾರೆ ಎಂಬುದನ್ನು ಊರಿನ ಗುಮಾಸ್ತನ ಪುಸ್ತಕದಲ್ಲಿ ನೋಂದಾಯಿಸುತ್ತಿದ್ದರು.

ಹೆಂಡತಿ ಮನೆ ಬಿಟ್ಟು ಹೋದಳು ಎಂಬ ಜಾಹೀರಾತುಗಳು ಇನ್ನೂ ಕುತೂಹಲದವು. ಗಂಡ ಅದನ್ನು ಹಾಕಿಸುತ್ತಿದ್ದದ್ದು ದುಃಖದಿಂದಲ್ಲ, ಅಂಗಡಿಯ ಉದ್ರಿಗೆ ಹೆದರಿ. ಮದುವೆಯಾದ ಹೆಂಗಸಿಗೆ ಆಗಿನ ಕಾನೂನಿನಲ್ಲಿ ಪ್ರತ್ಯೇಕ ಆಸ್ತಿಯಿಲ್ಲ. ಅವಳು ತನ್ನ ಅಗತ್ಯಕ್ಕೆ ಮಾಡಿದ ಸಾಲಕ್ಕೆ ಗಂಡ ಹೊಣೆ. ‘ಇವಳಿಗೆ ಯಾರೂ ಉದ್ರಿ ಕೊಡಬೇಡಿ, ಕೊಟ್ಟರೆ ನಾನು ತೀರಿಸುವುದಿಲ್ಲ’ ಎಂಬುದೇ ಅವುಗಳ ತಿರುಳು. ಕೆಲವು ಹೆಂಗಸರು ಸುಮ್ಮನಿರಲಿಲ್ಲ. ಮುಂದಿನ ಸಂಚಿಕೆಯಲ್ಲೇ ಮರುಜಾಹೀರಾತು ಕೊಟ್ಟು, ಅವನು ಹೊಡೆಯುತ್ತಿದ್ದ, ಕುಡಿಯುತ್ತಿದ್ದ, ಈಗ ಅವನಲ್ಲಿರುವ ಸೊತ್ತು ತನ್ನ ತವರಿನದು ಎಂದು ಬರೆಸುತ್ತಿದ್ದರು. ಅವರ ಪಾಲಿಗೆ ಕೋರ್ಟಿಗಿಂತ ಅಗ್ಗದ ಕಟಕಟೆ ಅದು.

ಇನ್ನು ಗಂಟು ಹೊತ್ತು ಓಡುವ ಮನುಷ್ಯ. 1723ರಲ್ಲಿ ಬಾಸ್ಟನ್ನಿನ ಮುದ್ರಕ ಜೇಮ್ಸ್ ಫ್ರ್ಯಾಂಕ್ಲಿನ್ ಕೆಲಸ ಕಲಿಯಲು ಹುಡುಗ ಬೇಕಾಗಿದ್ದಾನೆ ಎಂದು ತನ್ನ ಪತ್ರಿಕೆಯಲ್ಲೇ ಜಾಹೀರಾತು ಹಾಕಿದ. ಏಕೆಂದರೆ ಕರಾರಿನ ಮೇಲೆ ಅವನ ಬಳಿ ಇದ್ದ ತಮ್ಮ ಓಡಿಹೋಗಿದ್ದ. ಆ ತಮ್ಮ ಬೆಂಜಮಿನ್ ಫ್ರ್ಯಾಂಕ್ಲಿನ್. 1729ರಲ್ಲಿ ಪೆನ್ಸಿಲ್ವೇನಿಯಾ ಗೆಜೆಟ್ ಪತ್ರಿಕೆಯನ್ನು ಕೊಂಡ ಮೇಲೆ ಅವನೂ ಓಡಿಹೋದವರನ್ನು ಹಿಡಿದುಕೊಡಿ ಎಂಬ ಜಾಹೀರಾತುಗಳಿಂದ ಚೆನ್ನಾಗಿಯೇ ಸಂಪಾದಿಸಿದ. 1824ರಲ್ಲಿ ನಾರ್ತ್ ಕೆರೊಲಿನಾದ ರ‍್ಯಾಲಿಯಲ್ಲಿ ಒಬ್ಬ ದರ್ಜಿ, ತನ್ನಲ್ಲಿ ಕೆಲಸ ಕಲಿಯುತ್ತಿದ್ದ ಅಣ್ಣತಮ್ಮಂದಿರಿಬ್ಬರು ಓಡಿಹೋಗಿದ್ದಾರೆ, ಹಿಡಿದು ತಂದವರಿಗೆ ಹತ್ತು ಡಾಲರ್ ಎಂದು ಪ್ರಕಟಿಸಿದ. ತಮ್ಮನ ಹೆಸರು ಆಂಡ್ರೂ ಜಾನ್ಸನ್. 1865ರಲ್ಲಿ ಲಿಂಕನ್ ಕೊಲೆಯಾದಾಗ ಅಧ್ಯಕ್ಷನಾದವನು ಇವನೇ.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ. 1769ರ ಸೆಪ್ಟೆಂಬರಿನ ವರ್ಜೀನಿಯಾ ಗೆಜೆಟ್‌ನಲ್ಲಿ ಸ್ಯಾಂಡಿ ಎಂಬ ಗುಲಾಮ ಓಡಿಹೋದ ಪ್ರಕಟಣೆಯಿದೆ: ಸುಮಾರು 35 ವರ್ಷ, ಚಮ್ಮಾರಿಕೆ ಬಲ್ಲ, ಎಡಗೈ ಬಳಕೆ. ಜಿಲ್ಲೆಯೊಳಗೆ ಸಿಕ್ಕರೆ 40 ಶಿಲಿಂಗ್, ಹೊರಗಾದರೆ ಇನ್ನೂ ಹೆಚ್ಚು. ಕೆಳಗೆ ಸಹಿ ಥಾಮಸ್ ಜೆಫರ್ಸನ್. ಏಳು ವರ್ಷದ ಮೇಲೆ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಕೈ. 1804ರಲ್ಲಿ ಟೆನೆಸಿಯ ಆಂಡ್ರೂ ಜಾಕ್ಸನ್ 50 ಡಾಲರಿನ ಬಹುಮಾನದ ಜೊತೆಗೆ, ಹಿಡಿದವನು ಕೊಡುವ ಪ್ರತಿ ನೂರು ಛಡಿಯೇಟಿಗೆ ಹತ್ತು ಡಾಲರ್ ಹೆಚ್ಚುವರಿ, ಮುನ್ನೂರರವರೆಗೆ, ಎಂದು ಜಾಹೀರಾತು ಕೊಟ್ಟ. ಅವನೂ ಮುಂದೆ ಅಧ್ಯಕ್ಷನಾದ. ಇವುಗಳನ್ನು ಬರೆದವರಿಗೆ ಓಡಿಹೋದವರ ಗುರುತು ಎಷ್ಟು ಚೆನ್ನಾಗಿತ್ತು ನೋಡಿ: ನಡಿಗೆ, ಗಾಯದ ಕಲೆ, ಮಾತಿನ ತೊದಲು, ಕಲಿತ ಕಸುಬು, ಯಾವ ಊರಿನಲ್ಲಿ ಹೆಂಡತಿಯಿದ್ದಾಳೆ ಎಂಬುದು ಕೂಡ. ಗುಲಾಮರ ಬದುಕಿನ ಚರಿತ್ರೆ ಬರೆಯುವವರಿಗೆ ಇವತ್ತು ಈ ಜಾಹೀರಾತುಗಳು ಬಹುದೊಡ್ಡ ಆಕರ. ಒಡೆಯ ಹಿಡಿಸಲೆಂದು ಬರೆಸಿದ ವಿವರದಿಂದಲೇ ಅವರ ಮುಖಗಳು ಉಳಿದುಬಂದಿವೆ.

ಹರಾಜಿಗೆ ಬರೋಣ. ಪೆನ್ಸಿಲ್ವೇನಿಯಾ, ನ್ಯೂ ಇಂಗ್ಲೆಂಡ್ ಕಡೆ ಇದನ್ನು ವೆಂಡೂ ಎನ್ನುತ್ತಿದ್ದರು. ರೈತ ಸತ್ತರೆ, ಸಾಲ ಹೆಚ್ಚಿದರೆ, ಪಶ್ಚಿಮಕ್ಕೆ ವಲಸೆ ಹೊರಟರೆ ಹರಾಜು. ಚಳಿಗಾಲದ ಕೊನೆ ಇದರ ಹಂಗಾಮು. ಪೆನ್ಸಿಲ್ವೇನಿಯಾದಲ್ಲಿ ಏಪ್ರಿಲ್ 1, ಮೆಕ್ಕೆಜೋಳದ ಸೀಮೆಯಾದ ಮಧ್ಯಪಶ್ಚಿಮದಲ್ಲಿ ಮಾರ್ಚ್ 1 ಗುತ್ತಿಗೆ ಬದಲಾಗುವ, ಮನೆ ಖಾಲಿಮಾಡುವ ದಿನವಾದ್ದರಿಂದ ಅದಕ್ಕೆ ಮೊದಲೇ ಎಲ್ಲ ಮುಗಿಯಬೇಕು. ಪತ್ರಿಕೆಯ ಅಚ್ಚುಕೂಟದಲ್ಲೇ ಹರಾಜಿನ ಭಿತ್ತಿಪತ್ರವೂ ಆಗುತ್ತಿತ್ತು. ಚಂದಾ ಹಣದ ಬದಲು ಸೌದೆ, ಜೋಳ ಪಡೆಯುತ್ತಿದ್ದ ಸಂಪಾದಕನಿಗೆ ಅದು ನೆಚ್ಚಿನ ನಗದು. ಕುದುರೆ, ಹಸು, ಹಂದಿ, ನೇಗಿಲು, ಹುಲ್ಲು, ತೊಟ್ಟಿಲು, ಮಂಚ, ಅಡಿಗೆಯ ಒಲೆ ಎಲ್ಲದರ ಪಟ್ಟಿ, ಕೆಳಗೆ ಷರತ್ತು. ಸಣ್ಣ ಮೊತ್ತಕ್ಕೆ ನಗದು, ದೊಡ್ಡದಕ್ಕೆ ತಕ್ಕ ಜಾಮೀನಿನ ಮೇಲೆ ಆರು ತಿಂಗಳು ಅಥವಾ ವರ್ಷದ ವಾಯಿದೆ. ಒಬ್ಬನ ಸಾಲ ತೀರಿಸಲು ನಡೆಯುವ ಹರಾಜಿನಲ್ಲಿ ಹತ್ತು ಜನ ಹೊಸದಾಗಿ ಸಾಲಗಾರರಾಗುತ್ತಿದ್ದರು.

ಜನ ಕೊಳ್ಳಲು ಮಾತ್ರ ಬರುತ್ತಿರಲಿಲ್ಲ. ವರ್ಷಗಟ್ಟಲೆ ಹೊರಗಿನಿಂದ ಕಂಡ ಮನೆಯ ಒಳಗನ್ನು ನೋಡುವ ಅವಕಾಶ ಅದು. ಯಾರ ಪಿಂಗಾಣಿ ಒಡೆದದ್ದು, ಯಾರ ಹಾಸಿಗೆಗೆ ತೇಪೆ ಎಲ್ಲ ಬಯಲು. ಕೂಗುವವನಿಗೆ ಪ್ರತಿಯೊಬ್ಬನ ಹೆಸರು, ಪ್ರತಿಯೊಬ್ಬನ ತೂಕ ಗೊತ್ತು. ಯಾರನ್ನು ಕೆಣಕಿದರೆ ಸವಾಲು ಏರುತ್ತದೆ ಎಂಬುದೂ ಗೊತ್ತು. ಗಂಡನನ್ನು ಕಳೆದುಕೊಂಡವಳು ತನ್ನದೇ ನೂಲಿನ ರಾಟೆಗೆ ಕೂಗಿದಾಗ ನೆರೆಯವರು ಬಾಯಿ ಮುಚ್ಚಿಕೊಂಡಿರುವುದು ಹಲವೆಡೆ ನಡೆದು ಬಂದ ಮರ್ಯಾದೆ.

ಅದೇ ನ್ಯೂ ಇಂಗ್ಲೆಂಡಿನಲ್ಲಿ ಬಡವರ ಹರಾಜೂ ಇತ್ತು. ದಿಕ್ಕಿಲ್ಲದ ಮುದುಕರು, ಅನಾಥ ಮಕ್ಕಳು, ಅಂಗವಿಕಲರ ಪೋಷಣೆ ಊರಿನ ಹೊಣೆ. 18ನೇ ಶತಮಾನದ ಕೊನೆ, 19ನೇ ಶತಮಾನದ ಆರಂಭದಲ್ಲಿ ಎಷ್ಟೋ ಊರುಗಳು ಅವರನ್ನು ವರ್ಷಕ್ಕೊಮ್ಮೆ ಸವಾಲಿಗಿಟ್ಟವು. ಇಲ್ಲಿ ಸವಾಲು ಕೆಳಮುಖ: ಇವರನ್ನು ಸಾಕಲು ಊರಿನಿಂದ ಅತಿ ಕಡಿಮೆ ಹಣ ಕೇಳಿದವನ ಮನೆಗೆ ಅವರು ಹೋಗಬೇಕು. ಅತಿ ಕಡಿಮೆ ಕೇಳಿದವನು ಹೇಗೆ ಊಟ ಹಾಕಿಯಾನು, ಎಷ್ಟು ದುಡಿಸಿಯಾನು ಎಂಬುದನ್ನು ನೀವೇ ಊಹಿಸಿ. ಅಲ್ಲಿ ಕೂಗಿದವರೂ ಅವರ ನೆರೆಯವರೇ.

ದಕ್ಷಿಣಕ್ಕೆ ಹೋದರೆ ಜೆಫರ್ಸನ್ ಮತ್ತೆ ಸಿಗುತ್ತಾರೆ. 1826ರ ಜುಲೈ 4ರಂದು ತೀರಿಕೊಂಡಾಗ ಅವರ ಸಾಲ ಒಂದು ಲಕ್ಷ ಡಾಲರ್ ದಾಟಿತ್ತು. ಮೊಮ್ಮಗ ಷಾರ್ಲಟ್ಸ್‌ವಿಲ್ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: 130 ಗುಲಾಮರು, ಜಾನುವಾರು, ಬೇಸಾಯದ ಸಲಕರಣೆ, ಮನೆಯ ಪೀಠೋಪಕರಣ. 1827ರ ಜನವರಿಯ ಚಳಿಯಲ್ಲಿ ಮಾಂಟಿಸೆಲೊ ಬೆಟ್ಟದ ಮೇಲೆ ಹರಾಜು ನಡೆಯಿತು. ಕಮ್ಮಾರ ಜೋಸೆಫ್ ಫಾಸೆಟ್‌ಗೆ ಜೆಫರ್ಸನ್ನರ ಮರಣಪತ್ರದಲ್ಲಿ ಬಿಡುಗಡೆ ಸಿಕ್ಕಿತ್ತು. ಅವನ ಹೆಂಡತಿ, ಅಡುಗೆಯ ಈಡಿತ್ ಮತ್ತು ಮಕ್ಕಳಿಗೆ ಸಿಕ್ಕಿರಲಿಲ್ಲ. ಅವರನ್ನು ಬೇರೆ ಬೇರೆಯವರು ಸವಾಲಿನಲ್ಲಿ ಕೊಂಡರು. ಪರಿಚಯದವರ ನೆರವಿನಿಂದ, ಮುಂದೆ ವರ್ಷಗಳ ಕಾಲ ಬಡಿದ ಕಬ್ಬಿಣದ ಸಂಪಾದನೆಯಿಂದ, ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಅವನು ಬಿಡಿಸಿಕೊಂಡ. ಎಲ್ಲರನ್ನೂ ಬಿಡಿಸಿಕೊಳ್ಳಲಾಗಲಿಲ್ಲ. ಜೇಮ್ಸ್ ಶಾರ್ಟ್ ಕುದುರೆಯನ್ನು ಬಿಡಿಸಿದ ಕಥೆಯ ಪಕ್ಕದಲ್ಲಿ ಈ ಕಥೆಯನ್ನೂ ಇಟ್ಟು ಓದಬೇಕೆಂದು ನನ್ನ ಹಠ. ಎರಡರ ಯಂತ್ರ ಒಂದೇ: ಸಾಲ, ಪ್ರಕಟಣೆ, ಸವಾಲು.

ಶಾರ್ಟ್‌ನ ಉಪಾಯ ಸಾಮೂಹಿಕವಾಗಿ ಮರಳಿ ಬಂದದ್ದು 1930ರ ದಶಕದ ಮಹಾಕುಸಿತದಲ್ಲಿ. 1931ರಲ್ಲಿ ನೆಬ್ರಾಸ್ಕಾದ ಮ್ಯಾಡಿಸನ್ ಕೌಂಟಿಯಲ್ಲಿ ಬ್ಯಾಂಕು ಒಂದು ಕುಟುಂಬದ ಸೊತ್ತನ್ನು ಹರಾಜಿಗಿಟ್ಟಾಗ ಸುಮಾರು 150 ರೈತರು ಸೇರಿದರು. ಮೊದಲ ಸವಾಲು ಐದು ಸೆಂಟು. ಏರಿಸಲು ಬಾಯಿ ತೆಗೆದವನಿಗೆ, ಬೇಡ ಎಂದು ಒರಟಾಗಿಯೇ ತಿಳಿಹೇಳಲಾಯಿತು. ಇಡೀ ಹರಾಜಿನ ವಸೂಲಿ 5 ಡಾಲರ್ 35 ಸೆಂಟು. ಕೊಂಡವರು ಸೊತ್ತನ್ನು ಒಡೆಯನಿಗೇ ಒಪ್ಪಿಸುವ ಇಂಥ ‘ಪೆನ್ನಿ ಹರಾಜು’ಗಳು ಬೇರೆ ರಾಜ್ಯಗಳಿಗೂ ಹಬ್ಬಿದವು. ಕೆಲವು ಕಡೆ ಹೊರಗಿನವರಿಗೆ ಕಾಣಲೆಂದು ಕೊಟ್ಟಿಗೆಯ ತೊಲೆಗೆ ನೇಣಿನ ಕುಣಿಕೆ ತೂಗುಹಾಕಿದ್ದರಂತೆ. 1933ರ ಏಪ್ರಿಲಿನಲ್ಲಿ ಅಯೋವಾದ ಲೆ ಮಾರ್ಸ್ ಊರಿನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಬ್ರ್ಯಾಡ್ಲಿಯವರನ್ನು ರೈತರು ಕೋರ್ಟಿನಿಂದಲೇ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು; ಜಪ್ತಿಗೆ ಸಹಿ ಹಾಕುವುದಿಲ್ಲ ಎಂದು ಅವರು ಮಾತು ಕೊಡಲಿಲ್ಲ, ಜೀವ ಉಳಿಯಿತು. ರೈತರ ಒಗ್ಗಟ್ಟನ್ನು ಮೆಚ್ಚುವ ಬರಹಗಳು ಈ ಹಗ್ಗವನ್ನು ಬೇಗ ದಾಟಿಬಿಡುತ್ತವೆ. ಜಪ್ತಿಗೆ ತಡೆ ಕೊಡುವ ಕಾನೂನುಗಳನ್ನು ರಾಜ್ಯಗಳು ತಂದವು; ಮಿನೆಸೋಟಾದ ಕಾಯಿದೆಯನ್ನು ಸುಪ್ರೀಂ ಕೋರ್ಟ್ 1934ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿಯಿತು.

ಈ ಗುರುತಿನ ಪೇಟೆಯ ಬುಡ ಅಲುಗಿದ್ದು ಮಾತ್ರ ಇದಕ್ಕೂ ಮುಂಚೆ, ಅಂಚೆಯಿಂದ. 1872ರಲ್ಲಿ ಷಿಕಾಗೋದ ಮಾಂಟ್ಗೊಮರಿ ವಾರ್ಡ್ 163 ಸರಕುಗಳ ಒಂದೇ ಹಾಳೆಯ ಬೆಲೆಪಟ್ಟಿ ಹೊರಡಿಸಿದರು. ಮಿನೆಸೋಟಾದ ಪುಟ್ಟ ರೈಲು ನಿಲ್ದಾಣದ ಏಜೆಂಟ್ ರಿಚರ್ಡ್ ಸಿಯರ್ಸ್ 1886ರಲ್ಲಿ ಗಡಿಯಾರ ಮಾರಲು ತೊಡಗಿ, ಮರುವರ್ಷ ಷಿಕಾಗೋಗೆ ಹೋದರು. ಗಡಿಯಾರ ರಿಪೇರಿಯವನು ಬೇಕೆಂದು ಅವರು ಷಿಕಾಗೋ ಡೈಲಿ ನ್ಯೂಸ್‌ನಲ್ಲಿ ಹಾಕಿಸಿದ ಸಣ್ಣ ಜಾಹೀರಾತಿಗೆ ಓಗೊಟ್ಟು ಬಂದವರು ಆಲ್ವಾ ರೋಬಕ್. ಆ ಎರಡು ಹೆಸರು ಸೇರಿ ದೇಶದ ಅತಿ ದೊಡ್ಡ ಅಂಚೆ ಅಂಗಡಿಯಾಯಿತು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೆ ಟಪಾಲು ಹಂಚಿಕೆ ಪಶ್ಚಿಮ ವರ್ಜೀನಿಯಾದಲ್ಲಿ ಶುರುವಾಯಿತು. 1913ರ ಜನವರಿ 1ರಿಂದ ಪಾರ್ಸಲ್ ಅಂಚೆ.

ಊರ ಅಂಗಡಿಯವರು ಕೆರಳಿದರು. ನಿಮ್ಮ ಕಷ್ಟಕಾಲದಲ್ಲಿ ಉದ್ರಿ ಕೊಟ್ಟವರು ನಾವು, ಷಿಕಾಗೋದವನು ಕೊಡುತ್ತಾನೆಯೇ ಎಂದು ಕೇಳಿದರು. ಅದು ನಿಜವಾದ ಪ್ರಶ್ನೆಯೇ. ಜಾಹೀರಾತನ್ನೇ ನೆಚ್ಚಿದ್ದ ಪತ್ರಿಕೆಗಳು ಅವರ ಜೊತೆ ನಿಂತವು. ಕೆಲವು ಊರುಗಳಲ್ಲಿ ಚೌಕದ ನಡುವೆ ಅಂಚೆ ಅಂಗಡಿಗಳ ಕ್ಯಾಟಲಾಗುಗಳನ್ನು ಗುಡ್ಡೆ ಹಾಕಿ ಸುಟ್ಟರು. ತಂದುಕೊಟ್ಟ ಮಕ್ಕಳಿಗೆ ಬಹುಮಾನ.

ಆದರೆ ಕ್ಯಾಟಲಾಗನ್ನು ಜನ ಅಪ್ಪಿಕೊಂಡದ್ದು ಅಗ್ಗದ ಬೆಲೆಗೆ ಮಾತ್ರವಲ್ಲ. ದಕ್ಷಿಣದ ಗೇಣಿ ರೈತ ಕರಿಯನಾಗಿದ್ದರೆ, ಅವನ ಪಾಲಿಗೆ ಊರ ಅಂಗಡಿಯ ಖಾತೆ ಎಂದೂ ಹರಿಯದ ಸಾಲ. ಬರಲಿರುವ ಹತ್ತಿಬೆಳೆ ಒತ್ತೆ, ಬಡ್ಡಿ ಅಂಗಡಿಯವನು ಹೇಳಿದಷ್ಟು. ಬಿಳಿಯರಿಗೆಲ್ಲ ಕೊಟ್ಟು ಮುಗಿಯುವವರೆಗೆ ಕಾದು ನಿಲ್ಲಬೇಕು. ಒಳ್ಳೆಯ ಅಂಗಿ ಕೇಳಿದರೆ ನಿನಗೇಕೆ ಎಂಬ ಮಾತು. ಕ್ಯಾಟಲಾಗಿನಲ್ಲಿ ಎಲ್ಲರಿಗೂ ಒಂದೇ ಬೆಲೆ, ಒಂದೇ ಸರಕು. ಕೊಳ್ಳುವವನ ಮುಖ ಯಾರಿಗೂ ಕಾಣದು. ಅಂಗಡಿಯವನೇ ಪೋಸ್ಟ್ ಮಾಸ್ತರನಾಗಿದ್ದ ಕಡೆ ಆತ ಮನಿಯಾರ್ಡರು ಕೊಡಲು, ಅಂಚೆಚೀಟಿ ಮಾರಲು ತಕರಾರು ಮಾಡುತ್ತಿದ್ದ. ಅದಕ್ಕೆ ಸಿಯರ್ಸ್‌ನವರು ಕ್ಯಾಟಲಾಗಿನಲ್ಲಿ ಒಂದು ಸೂಚನೆ ಅಚ್ಚು ಹಾಕಿದರು: ಕಾಗದವನ್ನೂ ಹಣವನ್ನೂ ಮನೆಗೆ ಬರುವ ಟಪಾಲಿನವನ ಕೈಗೆ ಕೊಡಿ, ಮನಿಯಾರ್ಡರಿನ ಕೆಲಸ ಅವನು ಮಾಡುತ್ತಾನೆ. ಸೋತ ವರ್ತಕರು ಸಿಯರ್ಸ್, ರೋಬಕ್ ಇಬ್ಬರೂ ಕರಿಯರಂತೆ ಎಂದು ಗುಲ್ಲೆಬ್ಬಿಸಿದರು. ಊರಿಗೆ ಗುರುತಿಲ್ಲದ ಆ ಇಬ್ಬರು ತಾವು ಯಾರೆಂದು ತೋರಿಸಲು ತಮ್ಮ ಭಾವಚಿತ್ರ ಅಚ್ಚು ಹಾಕಿಸಬೇಕಾಯಿತು.